ಹಳೇ ವಿಮಾನದ ಜೊತೆ ಹಾರುವ ಮಾತು

ಸೂರ್ಯಕಿರಣ್ ತಂಡ ಹೊಗೆ ಬಿಡುತ್ತಾ ಆಕಾಶದಲ್ಲಿ ತಲೆಕೆಳಗಾಗುವಾಗ ಯಾರೂ ಏನೂ ವಿವರಿಸಬೇಕಿಲ್ಲ. ಕತ್ತೆತ್ತಿದರೆ ಸಾಕು, ಬಾಯಿ ತಾನಾಗಿ ತೆರೆಯುತ್ತೆ. ಹಳೇ ವಿಮಾನದ ಕತೆ ಹಾಗಲ್ಲ. ಅದು ನಿಧಾನಕ್ಕೆ ಬರುತ್ತೆ, ಗುಡುಗುಡು ಅನ್ನುತ್ತೆ, ಒಂದು ಸುತ್ತು ಹಾಕಿ ಹೋಗುತ್ತೆ. ಅದನ್ನ ನೋಡೋಕೆ ಕಣ್ಣು ಸಾಲದು, ಜೊತೆಗೆ ಯಾರಾದರೂ ಹೇಳುವವರು ಬೇಕು. ದಸರಾ ಜಂಬೂಸವಾರಿ ನೋಡುವಾಗ ವೀಕ್ಷಕ ವಿವರಣೆ ಇಲ್ಲದಿದ್ದರೆ ಯಾವ ಸ್ತಬ್ಧಚಿತ್ರ ಯಾವ ಜಿಲ್ಲೆಯದು ಅಂತ ಅರ್ಧ ಜನಕ್ಕೆ ಗೊತ್ತಾಗಲ್ಲ ಅಲ್ವಾ, ಹಾಗೆ.

ಯಲಹಂಕದ ಏರೋ ಇಂಡಿಯಾದಲ್ಲಿ ನನಗೆ ಇದು ಚೆನ್ನಾಗಿ ಅರಿವಾಗಿದ್ದು ಡಕೋಟಾ ಬಂದಾಗ. ಸುಖೋಯ್ ಅಬ್ಬರಕ್ಕೆ ಇನ್ನೂ ಕಿವಿ ಗುಂಯ್‌ಗುಡುತ್ತಿತ್ತು. 'ಇದೇನೋ, ಬಿಎಂಟಿಸಿ ಬಸ್ಸಿನ ಥರ ಬರ್ತಿದೆ' ಅಂದ ಪಕ್ಕದಲ್ಲಿದ್ದ ಗೆಳೆಯ. ಅಷ್ಟರಲ್ಲಿ ಮೈಕಿನಲ್ಲಿ 1947, ಶ್ರೀನಗರ ಅನ್ನೋ ಎರಡು ಪದ ಕೇಳಿಸಿದವು. ಗೆಳೆಯ ಮೊಬೈಲು ಜೇಬಿಗಿಟ್ಟು ಸುಮ್ಮನೆ ನೋಡತೊಡಗಿದ. ವಿಮಾನದ ವೇಗವೇನೂ ಹೆಚ್ಚಾಗಿರಲಿಲ್ಲ, ಬದಲಾಗಿದ್ದು ಅವನು ನೋಡುವ ರೀತಿ.

ಆ ಎರಡು ಪದಗಳ ಹಿಂದಿನ ಕತೆ ಇಷ್ಟು. 1947ರ ಅಕ್ಟೋಬರ್ 27ರ ಬೆಳಿಗ್ಗೆ ದೆಹಲಿಯಿಂದ ಡಕೋಟಾಗಳು ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದವು. ದಾಳಿಕೋರರು ಬಾರಾಮುಲ್ಲಾ ತನಕ ಬಂದಿದ್ದರು. ಆ ಬೆಟಾಲಿಯನ್ನನ್ನು ಮುನ್ನಡೆಸಿದ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅದೇ ದಿನ ಪ್ರಾಣ ಕೊಟ್ಟರು. ವಿಮಾನ ನಿಲ್ದಾಣ ಉಳಿಯಿತು. ಅದು ಉಳಿದಿದ್ದರಿಂದಲೇ ಹಿಂದಿನಿಂದ ಮತ್ತಷ್ಟು ಸೈನಿಕರು, ಮದ್ದುಗುಂಡು ಬರೋಕಾಯ್ತು.

ಆದರೆ ಏರೋ ಇಂಡಿಯಾದಲ್ಲಿ ಹಾರುವ ಡಕೋಟಾ ಅವತ್ತು ಶ್ರೀನಗರದಲ್ಲಿ ಇಳಿದ ವಿಮಾನವಲ್ಲ. ಇದು 1940ರ ದಶಕದ್ದೇ ಆದರೂ ಬೇರೆ ವಿಮಾನ. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಇದನ್ನು ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, ವಾಯುಸೇನೆಗೆ ಕಾಣಿಕೆ ಕೊಟ್ಟರು. ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಓಡಿಸಿದ್ದವರು. 2018ರ ಏಪ್ರಿಲ್‌ನಲ್ಲಿ ಅದು ಬ್ರಿಟನ್ನಿನಿಂದ ತಾನೇ ಹಾರಿಕೊಂಡು ಭಾರತಕ್ಕೆ ಬಂತು. ವಾಯುಸೇನೆ ಅದಕ್ಕೆ 'ಪರಶುರಾಮ' ಅಂತ ಹೆಸರಿಟ್ಟು, ಶ್ರೀನಗರದ ನೆನಪಿಗೆ ವಿಪಿ 905 ಅನ್ನೋ ಹಳೇ ಸಂಖ್ಯೆ ಬರೆಸಿತು. ತಾತನ ಹೆಸರನ್ನ ಮೊಮ್ಮಗನಿಗೆ ಇಟ್ಟ ಹಾಗೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಇದು ತಾತ ಅಲ್ಲ, ಮೊಮ್ಮಗ ಅಂತ ಹೇಳೋಕೆ ಮೈಕ್ ಹಿಡಿದವರು ಇರಬೇಕು ಅಷ್ಟೇ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಕತೆ ಇದೆ. ಅದು ಬೆಂಗಳೂರಿನದು.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಇವತ್ತಿನ ಎಚ್‌ಎಎಲ್ ಅದೇ. ಯುದ್ಧದ ಕಾಲದಲ್ಲಿ ಈ ಕಾರ್ಖಾನೆ ಅಮೆರಿಕನ್ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ದೊಡ್ಡ ವಿಮಾನಗಳನ್ನು ಬಿಚ್ಚಿ ಜೋಡಿಸುವ ಕೆಲಸ ನಮ್ಮೂರಿನ ಕೈಗಳಿಗೆ ಒಗ್ಗಿದ್ದು ಆಗ.

ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬ್ರಿಟಿಷ್ ವಾಯುಪಡೆಯ ಬಿ-24 ಲಿಬರೇಟರ್ ಬಾಂಬರ್‌ಗಳು ಗುಡ್ಡೆಬಿದ್ದಿದ್ದವು. ಅಮೆರಿಕ ಯುದ್ಧಕ್ಕೆಂದು ಎರವಲು ಕೊಟ್ಟ ವಿಮಾನಗಳವು. ಬೇರೆ ಯಾರೂ ಬಳಸಬಾರದು ಅಂತ ಅವನ್ನು ಬೇಕಂತಲೇ ಹಾಳುಗೆಡವಿ ಬಿಟ್ಟು ಹೋಗಿದ್ದರು. ಆಗ ಸ್ವತಂತ್ರ ಭಾರತದ ಹತ್ತಿರ ಭಾರೀ ಬಾಂಬರ್ ಒಂದೂ ಇರಲಿಲ್ಲ, ಕೊಳ್ಳೋಕೆ ದುಡ್ಡೂ ಇರಲಿಲ್ಲ. ಎಚ್‌ಎಎಲ್‌ನವರು ಆ ಗುಜರಿಯ ಕಡೆ ತಿರುಗಿದರು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಮಾಡಿಕೊಂಡರು. ಟೆಸ್ಟ್ ಪೈಲಟ್ ಜಮ್‌ಶೇದ್ ಕೈಕೋಬಾದ್ ಮುನ್ಷಿ ಅವನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಯೋಚನೆ ಮಾಡಿ: ನಾಲ್ಕು ಎಂಜಿನ್ನಿನ ಬಾಂಬರ್, ಬೇಕಂತಲೇ ಕೆಡಿಸಿದ್ದು, ಅರೆಬರೆ ರಿಪೇರಿಯಾಗಿದ್ದು, ಅದರಲ್ಲಿ ಅರ್ಧ ದೇಶ ದಾಟಿ ಬರಬೇಕು. ಇಲ್ಲಿ ಪೂರ್ತಿ ದುರಸ್ತಿ ಆಯಿತು. 1948ರ ನವೆಂಬರ್‌ನಲ್ಲಿ ಇವೇ ವಿಮಾನಗಳಿಂದ ವಾಯುಸೇನೆಯ 5ನೇ ಸ್ಕ್ವಾಡ್ರನ್ ಹುಟ್ಟಿತು. ಒಟ್ಟು ಸುಮಾರು 40 ಲಿಬರೇಟರ್‌ಗಳಿಗೆ ಹೀಗೆ ಮರುಜೀವ ಬಂತು. ಕೊನೆಯವು ನಿವೃತ್ತಿಯಾಗಿದ್ದು 1968ರಲ್ಲಿ.

ಲಿಬರೇಟರ್‌ಗಳನ್ನು ಅಮೆರಿಕ 18,000ಕ್ಕೂ ಹೆಚ್ಚು ತಯಾರಿಸಿತ್ತು. ಯುದ್ಧ ಮುಗಿದ ಮೇಲೆ ಬಹುಪಾಲು ಗುಜರಿಗೆ ಹೋದವು. ಹಾಗಾಗಿ ಪಶ್ಚಿಮದ ಮ್ಯೂಸಿಯಂಗಳಿಗೆ ಒಂದು ಬೇಕು ಅನ್ನಿಸಿದಾಗ ಭಾರತದ ಕಡೆ ನೋಡಬೇಕಾಯಿತು. ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳಲ್ಲಿ ಇವತ್ತು ನಿಂತಿರುವ ಕೆಲವು ಲಿಬರೇಟರ್‌ಗಳು ನಮ್ಮ ವಾಯುಸೇನೆಯಿಂದ ಹೋದವು. ದೆಹಲಿಯ ಪಾಲಂ ಮ್ಯೂಸಿಯಂನಲ್ಲೂ ಒಂದಿದೆ.

ಇವುಗಳಲ್ಲಿ ಒಂದರ ಬದುಕನ್ನಂತೂ ಹೇಳಲೇಬೇಕು. 1944ರಲ್ಲಿ ಟೆಕ್ಸಾಸ್‌ನಲ್ಲಿ ತಯಾರಾಗಿ, ಬ್ರಿಟಿಷರ ಕೈಗೆ ಹೋಗಿ, ಯುದ್ಧ ಮುಗಿದ ಮೇಲೆ ಆ ಗುಡ್ಡೆ ಸೇರಿತು. 1948ರಿಂದ 1968ರ ತನಕ ಭಾರತದ ಸೇವೆ. ಆಮೇಲೆ 13 ವರ್ಷ ಮೂಲೆಗುಂಪು. 1981ರಲ್ಲಿ ಬ್ರಿಟನ್ನಿನ ಸಂಗ್ರಾಹಕ ಡಗ್ ಅರ್ನಾಲ್ಡ್ ಅದನ್ನು ಬಿಚ್ಚಿ ತೆಗೆದುಕೊಂಡು ಹೋದರು. 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೊಂಡು, 1989ರಲ್ಲಿ ಮತ್ತೆ ಹಾರಿಸಿತು. 'ಆಲ್ ಅಮೆರಿಕನ್', 'ದಿ ಡ್ರ್ಯಾಗನ್ ಆ್ಯಂಡ್ ಹಿಸ್ ಟೇಲ್', 'ವಿಚ್‌ಕ್ರಾಫ್ಟ್' ಹೀಗೆ ಒಂದಾದ ಮೇಲೊಂದು ಹೆಸರು, ಬಣ್ಣ ಹೊತ್ತು ಅದು ವರ್ಷಗಟ್ಟಲೆ ಅಲ್ಲಿನ ಊರೂರು ಸುತ್ತಿತು. ಮೂರೂ ಬೇರೆ ವಿಮಾನಗಳ ಹೆಸರು. ಯುದ್ಧದಲ್ಲಿ ಸತ್ತ ತಮ್ಮ ಹುಡುಗರನ್ನು ನೆನೆಯೋಕೆ ಅವರು ಆ ಹೆಸರುಗಳನ್ನು ಇಟ್ಟುಕೊಂಡರು, ಅದು ಅವರ ನ್ಯಾಯ. ನನ್ನ ತಕರಾರು ಬರೀ ಲೆಕ್ಕದ್ದು. ಈ ವಿಮಾನ ವಿಶ್ವಯುದ್ಧ ಕಂಡಿದ್ದು ಸುಮಾರು ಒಂದು ವರ್ಷ, ಭಾರತದಲ್ಲಿ ದುಡಿದಿದ್ದು ಸುಮಾರು 20 ವರ್ಷ. ಮೈಮೇಲಿನ ಬಣ್ಣದಲ್ಲಿ ಕಾಣಿಸಿದ್ದು ಆ ಒಂದು ವರ್ಷ ಮಾತ್ರ.

ನಮ್ಮ ಡಕೋಟಾ ತನ್ನದಲ್ಲದ ಇತಿಹಾಸವನ್ನು ಹೊತ್ತು ಹಾರುತ್ತೆ. ಆ ಲಿಬರೇಟರ್ ತನ್ನದೇ ಇತಿಹಾಸವನ್ನು ಬಣ್ಣದ ಕೆಳಗೆ ಮುಚ್ಚಿಕೊಂಡು ಹಾರಿತು. ಎರಡರಲ್ಲೂ ಕಣ್ಣಿಗೆ ಕಾಣೋದು ಅರ್ಧ ಸತ್ಯ. ಉಳಿದರ್ಧ ಇರೋದು ಮೈಕಿನ ಹತ್ತಿರ. ಅಲ್ಲಿ ಸ್ಪ್ಯಾನರ್ ಹಿಡಿದವರ ಮಾತು ಬರದಿದ್ದರೆ, ಅವರು ಇರಲೇ ಇಲ್ಲ ಅಂತಾಗುತ್ತೆ. ಪೈಲಟ್ಟಿನ ಹೆಸರಾದರೂ ಎಲ್ಲೋ ಉಳಿಯುತ್ತೆ, ಮರ್ಫಿ ಟೌನಿನಿಂದಲೋ ಹಲಸೂರಿನಿಂದಲೋ ಸೈಕಲ್ ತುಳಿದು ಹೋಗಿ ಆ ಎಂಜಿನ್ನುಗಳನ್ನು ಬಿಚ್ಚಿರಬಹುದಾದ ಫಿಟ್ಟರ್‌ಗಳ ಹೆಸರನ್ನ ಕೇಳುವವರಿಲ್ಲ.

ಒಂದು ಕೊಂಡಿಯಂತೂ ಇವತ್ತಿಗೂ ಉಳಿದಿದೆ. ಡಕೋಟಾದ್ದೂ ಲಿಬರೇಟರ್‌ನದ್ದೂ ಒಂದೇ ವಂಶದ ಎಂಜಿನ್: ಪ್ರ್ಯಾಟ್ ಆ್ಯಂಡ್ ವಿಟ್ನಿಯ ಟ್ವಿನ್ ವಾಸ್ಪ್. ಎರಡು ಸಾಲು ಸುತ್ತಾಗಿ ಜೋಡಿಸಿದ 14 ಸಿಲಿಂಡರ್, 1,200 ಅಶ್ವಶಕ್ತಿ. ಡಕೋಟಾಗೆ ಅಂಥವು ಎರಡು, ಲಿಬರೇಟರ್‌ಗೆ ನಾಲ್ಕು. ಅಂದರೆ ಯಲಹಂಕದಲ್ಲಿ ಡಕೋಟಾ ಹಾದುಹೋಗುವಾಗ ಕೇಳುವ ಗುಡುಗು, 1948ರಲ್ಲಿ ಬೆಂಗಳೂರಿನ ಪೂರ್ವದಂಚಿನವರು ಕೇಳಿರಬಹುದಾದ ಸದ್ದಿನ ಅರ್ಧ.

ಹಾಗಾಗಿ ಮುಂದೆ ಯಾವ ಊರಿನಲ್ಲೇ ಆಗಲಿ, ಚೆಂದಗೆ ಬಣ್ಣ ಬಳಿದ ಹಳೇ ವಿಮಾನ ಕಂಡರೆ ಫೋಟೋ ಖಂಡಿತ ತೆಗೀರಿ. ಮೈಕಿನ ಮಾತನ್ನೂ ಪೂರ್ತಿ ಕೇಳಿ. ಆಮೇಲೆ ಅಲ್ಲಿರುವ ಯಾರನ್ನಾದರೂ ಹಿಡಿದು ಒಂದೇ ಒಂದು ಪ್ರಶ್ನೆ ಕೇಳಿ: ಈ ಬಣ್ಣ ಬಳಿಯೋ ಮುಂಚೆ ಇದು ಎಲ್ಲಿತ್ತು, ಯಾರು ರಿಪೇರಿ ಮಾಡ್ತಿದ್ರು?