ಆಂಗ್ಲ ಅಪರಾಧ ಕಾನೂನಿನಲ್ಲಿ ‘ಒಂದು ವರ್ಷ ಒಂದು ದಿನ’ದ ನಿಯಮ

ಗಾಯವಾಗಿ ಎಷ್ಟು ಕಾಲ ಕಳೆದರೆ ಗಾಯಗೊಳಿಸಿದವನು ಸಾವಿನ ಹೊಣೆಯಿಂದ ಪಾರಾಗುತ್ತಾನೆ? ಇಂಗ್ಲೆಂಡಿನ ಕಾಮನ್ ಲಾ ಶತಮಾನಗಳ ಕಾಲ ಈ ಪ್ರಶ್ನೆಗೆ ನೀಡಿದ ಉತ್ತರ ಖಚಿತವಾದುದು: ಒಂದು ವರ್ಷ, ಒಂದು ದಿನ. ಆ ಗಡುವು ದಾಟಿ ಗಾಯಾಳು ಸತ್ತರೆ, ಸಾವಿಗೆ ಗಾಯವೇ ಕಾರಣವೆನ್ನಲು ಕಾನೂನು ಅವಕಾಶ ನೀಡುತ್ತಿರಲಿಲ್ಲ.

ಈ ಗಡುವಿನ ಮೂಲವನ್ನು ಸಾಮಾನ್ಯವಾಗಿ 1278ರ ಗ್ಲೌಸ್ಟರ್ ಶಾಸನದಲ್ಲಿ ಗುರುತಿಸಲಾಗುತ್ತದೆ. ಅಲ್ಲಿ ಅದು ಖಾಸಗಿ ವ್ಯಕ್ತಿಗಳು ಆಪಾದನೆ ಹೂಡಲು ಇದ್ದ ಕಾಲಮಿತಿಯೇ ಹೊರತು ಕಾರಣವನ್ನು ಅಳೆಯುವ ಮಾನದಂಡವಲ್ಲ. ಹದಿನೇಳನೆಯ ಶತಮಾನದಲ್ಲಿ ನ್ಯಾಯವೇತ್ತ ಎಡ್ವರ್ಡ್ ಕೋಕ್ ಅದಕ್ಕೆ ಬೇರೆಯೇ ಸಮರ್ಥನೆ ನೀಡಿದನು. ಅಷ್ಟು ಕಾಲ ಕಳೆದ ಮೇಲೆ ಮನುಷ್ಯನು ಪೆಟ್ಟಿನಿಂದ ಸತ್ತನೋ ಸಹಜವಾಗಿ ಸತ್ತನೋ ತಿಳಿಯಲಾಗದು ಎಂಬುದು ಅವನ ವಾದ. ವ್ಯಾಜ್ಯದ ಕಾಲಮಿತಿ ಹೀಗೆ ಕಾರ್ಯಕಾರಣ ಸಂಬಂಧದ ಮಿತಿಯಾಯಿತು.

1908ರ ಡೈಸನ್ ಪ್ರಕರಣ ಈ ನಿಯಮದ ಬಿಗಿಯನ್ನು ತೋರಿಸುತ್ತದೆ. ತಂದೆಯೊಬ್ಬನು ತನ್ನ ಮಗುವನ್ನು 1906ರ ನವೆಂಬರಿನಲ್ಲಿಯೂ 1907ರ ಡಿಸೆಂಬರಿನಲ್ಲಿಯೂ ಗಾಯಗೊಳಿಸಿದ್ದನು. ಮಗು 1908ರ ಮಾರ್ಚಿಯಲ್ಲಿ ಸತ್ತಿತು. ಮೊದಲ ಗಾಯದಿಂದಲೇ ಸಾವು ಸಂಭವಿಸಿದ್ದರೂ ಅವನನ್ನು ದೋಷಿಯೆನ್ನಬಹುದೆಂದು ವಿಚಾರಣಾ ನ್ಯಾಯಾಧೀಶರು ಜ್ಯೂರಿಗೆ ಹೇಳಿದ್ದು ತಪ್ಪೆಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿ ಶಿಕ್ಷೆಯನ್ನು ರದ್ದುಪಡಿಸಿತು.

ಅಜ್ಞಾನದ ಕಾಲದಲ್ಲಿ ಆರೋಪಿಗೆ ರಕ್ಷಣೆಯಾಗಿದ್ದ ನಿಯಮ, ವೈದ್ಯಶಾಸ್ತ್ರ ಬೆಳೆದಂತೆ ಅನ್ಯಾಯದ ಆಸರೆಯಾಯಿತು. ಕೃತಕ ಉಸಿರಾಟದ ಯಂತ್ರಗಳು ಗಾಯಾಳುವಿನ ಪ್ರಾಣವನ್ನು ವರ್ಷಕ್ಕೂ ಮೀರಿ ಉಳಿಸಬಲ್ಲವಾದವು; ಸಾವಿನ ಕಾರಣವನ್ನೂ ಖಚಿತವಾಗಿ ಹೇಳುವುದು ಸಾಧ್ಯವಾಯಿತು. ಕಾನೂನು ಆಯೋಗದ 1995ರ ವರದಿಯನ್ನು ಅನುಸರಿಸಿ ಪಾರ್ಲಿಮೆಂಟು 1996ರಲ್ಲಿ ನಿಯಮವನ್ನು ತೆಗೆದುಹಾಕಿತು. ಗಾಯವಾಗಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕಳೆದಿದ್ದರೆ ಮೊಕದ್ದಮೆಗೆ ಅಟಾರ್ನಿ ಜನರಲ್ ಸಮ್ಮತಿ ಬೇಕೆಂದು ವಿಧಿಸಿತು. ಆದರೆ ಕಾಯಿದೆಗೆ ಮುಂಚಿನ ಕೃತ್ಯಗಳಿಗೆ ಹಳೆಯ ನಿಯಮವೇ ಉಳಿಯಿತು.

ಅದರ ಪರಿಣಾಮ ಹಿಲ್ಸ್‌ಬರೋ ದುರಂತದಲ್ಲಿ ಕಾಣಿಸಿತು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಆ ಕ್ರೀಡಾಂಗಣದ ಕಾಲ್ತುಳಿತದಲ್ಲಿ ಗಾಯಗೊಂಡ ತರುಣನೊಬ್ಬ 1993ರಲ್ಲಿ ಮೃತಪಟ್ಟನು. 2016ರಲ್ಲಿ ಮರಣ ವಿಚಾರಣೆಯ ಜ್ಯೂರಿಯು 96 ಮಂದಿಯ ಸಾವನ್ನೂ ಕಾನೂನುಬಾಹಿರ ಹತ್ಯೆಯೆಂದು ನಿರ್ಣಯಿಸಿತು. ಅವರಲ್ಲಿ ಈ ತರುಣನೂ ಒಬ್ಬ. ಆದರೆ ಬಂದೋಬಸ್ತಿನ ಹೊಣೆಹೊತ್ತಿದ್ದ ಪೊಲೀಸ್ ಅಧಿಕಾರಿಯ ಮೇಲೆ ಹೊರಿಸಲಾದ ನರಹತ್ಯೆಯ ಆರೋಪದಲ್ಲಿದ್ದುದು 95 ಮಂದಿಯ ಸಾವು ಮಾತ್ರ. 2019ರಲ್ಲಿ ಆ ಅಧಿಕಾರಿ ನಿರ್ದೋಷಿಯೆಂದು ಬಿಡುಗಡೆಯಾದರು. ಫಲಿತಾಂಶ ಏನೇ ಇರಲಿ, ಒಂದು ಸಾವು ವಿಚಾರಣೆಯ ಹೊಸ್ತಿಲನ್ನೇ ತುಳಿಯಲಿಲ್ಲ.

ಕಾರಣವೆಂಬುದು ಸಾಕ್ಷ್ಯದಿಂದ ತಿಳಿಯಬೇಕಾದ ಸಂಗತಿ. ಅದನ್ನು ಪಂಚಾಂಗದಿಂದ ನಿರ್ಣಯಿಸಿದ ಕಾನೂನು, ತಾನು ಅಳಿದ ಮೇಲೆಯೂ ತನ್ನ ನೆರಳನ್ನು ಉಳಿಸಿಹೋಯಿತು.