ಕಡವುಂಭಾಗದ ಕಮಲಗಳು

ಕೊಚ್ಚಿಯ ಮಟ್ಟಂಚೇರಿಯ ಯಹೂದಿ ಬೀದಿಗೆ ಹೋದವರೆಲ್ಲ 1568ರ ಪರದೇಶಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಿ, ಅದರ ಚೀನೀ ಹೆಂಚುಗಳನ್ನು ಹೊಗಳಿ, ಏಲಕ್ಕಿ ಕೊಂಡು ಮರಳುತ್ತಾರೆ. ನನ್ನನ್ನು ಎಳೆಯುವುದು ದಕ್ಷಿಣ ತುದಿಯ ಕಡವುಂಭಾಗ ಸಿನಗಾಗ್. ಪರದೇಶಿಗಿಂತ ಹಳೆಯದು, 1540ರ ದಶಕದ್ದು. ಇದು ಮಲಬಾರಿ ಯಹೂದಿಗಳದ್ದು. ಅವರನ್ನು 'ಕರಿಯರು' ಎಂದು ದೂರವಿಟ್ಟವರು ಅದೇ ಬೀದಿಯ ಪರದೇಶಿ ಯಹೂದಿಗಳು. ನಮ್ಮ ನೆಲದ ಜಾತಿ ಯಾರನ್ನು ಬಿಟ್ಟಿದೆ ಹೇಳಿ!

ಮಲಬಾರಿ ಯಹೂದಿ ಹೆಂಗಸರು ಬೈಬಲ್ ಕಥೆಗಳನ್ನು ಮಲಯಾಳದಲ್ಲೇ ಹಾಡುತ್ತಿದ್ದರು. ಸಿನಗಾಗ್‌ನಲ್ಲಿ ಧರ್ಮಗ್ರಂಥ ಓದಲು ಎರಡು ಪೀಠ: ಒಂದು ನಡುವೆ, ಇನ್ನೊಂದು ಮಹಡಿಯಲ್ಲಿ, ಹೆಂಗಸರ ಜಾಗದ ಮುಂದೆಯೇ. ಈ ಎರಡನೆಯದು ಕೇರಳದ್ದೇ ವೈಶಿಷ್ಟ್ಯ. ತಲೆಯ ಮೇಲೆ, ದೇವಸ್ಥಾನದ ಚಾವಣಿಯಂತೆ, ಮರದಲ್ಲಿ ಕೆತ್ತಿ ಬಣ್ಣ ಬಳಿದ ಕಮಲಗಳು.

1950ರ ದಶಕದಲ್ಲಿ ಸಮುದಾಯ ಇಸ್ರೇಲಿಗೆ ಹೊರಟಿತು. ಕಟ್ಟಡ ಕೈಬದಲಾಗಿ ತೆಂಗಿನ ನಾರಿನ ಗೋದಾಮಾಯಿತು. 1990ರ ದಶಕದಲ್ಲಿ ಕಮಲದ ಚಾವಣಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿತು. ಅದು ಅಲ್ಲಿಗೆ ಹೋಗಿದ್ದೇ ಒಳ್ಳೆಯದಾಯಿತು ಎನ್ನಲು ನನಗೆ ಸಂಕೋಚವಿಲ್ಲ: ಇಲ್ಲಿ ಉಳಿದ ಗೋಡೆಗಳ ಮುಂಭಾಗ 2019ರ ಮಳೆಗೆ ಕುಸಿಯಿತು. ಮಟ್ಟಂಚೇರಿಗೆ ಹೋದರೆ ಏಲಕ್ಕಿ ಕೊಂಡ ಮೇಲೆ ದಕ್ಷಿಣದ ತುದಿಯವರೆಗೂ ನಡೆಯಿರಿ.