ಮುಂಡಗೋಡಿನ ಮಹಾವಿಹಾರಗಳೂ ದೂರದೇಶದ ವಿದ್ಯಾಪೀಠವೂ

ಉತ್ತರ ಕನ್ನಡ ಜಿಲ್ಲೆಯಲ್ಲಿ ಮಲೆನಾಡು ಬಯಲುಸೀಮೆಯೊಡನೆ ಕೂಡುವೆಡೆಯಲ್ಲಿ ಇಂದೂರ ಮೊದಲಾದ ಗ್ರಾಮಗಳನ್ನೊಳಗೊಂಡ ಮುಂಡಗೋಡ ತಾಲೂಕು ಇರುವುದು. ಇಲ್ಲಿಗೆ ಸಮೀಪದ ಬನವಾಸಿಯು ಬೌದ್ಧರ ಇತಿಹಾಸದಲ್ಲಿ ಅಪರಿಚಿತವಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಸ್ಥವಿರನನ್ನು ಧರ್ಮಪ್ರಸಾರಕ್ಕಾಗಿ ವನವಾಸ ದೇಶಕ್ಕೆ ಕಳುಹಿದರೆಂದು ಸಿಂಹಳದ ಮಹಾವಂಸವು ಹೇಳುತ್ತದೆ. ಆ ದೇಶವು ಬನವಾಸಿಯ ಸೀಮೆಯೇ ಎಂಬುದು ವಿದ್ವಾಂಸರಲ್ಲಿ ಬಹುಜನರ ಅಭಿಪ್ರಾಯ. ಕಾಲಾಂತರದಲ್ಲಿ ಬೌದ್ಧಶಾಸ್ತ್ರವು ಈ ನಾಡಿನಿಂದ ಮರೆಯಾಯಿತು. ಅದು ಹಿಮಾಲಯದಾಚೆಯಿಂದ ಮರಳಿ ಇದೇ ಸೀಮೆಗೆ ಬಂದ ಬಗೆಯೂ, ಬಂದಮೇಲೆ ಅಮೆರಿಕೆಯ ಒಂದು ವಿದ್ಯಾಪೀಠದೊಡನೆ ಸಖ್ಯ ಬೆಳೆಸಿದ ಬಗೆಯೂ ವಿಚಾರಾರ್ಹವಾಗಿವೆ.

1959ರಲ್ಲಿ ಟಿಬೆಟ್ಟಿನಿಂದ ಹೊರಟ ಭಿಕ್ಷುಗಳಲ್ಲಿ ಅನೇಕರು ವಂಗದೇಶದ ಬಕ್ಸಾ ಎಂಬಲ್ಲಿ ಹತ್ತು ವರ್ಷಗಳ ಕಾಲ ಕಷ್ಟದಿಂದ ಕಳೆದರು. ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟ್ಟಿನವರ ವಸತಿಯು ಏರ್ಪಟ್ಟಿತು. 1969ರ ಸುಮಾರಿಗೆ ಗಾಂದೆನ್ ಮತ್ತು ದ್ರೆಪುಂಗ್ ವಿಹಾರಗಳು ಇಲ್ಲಿ ನೆಲೆಗೊಂಡವು. ಇವು ಲ್ಹಾಸಾ ನಗರದ ಸಮೀಪದಲ್ಲಿ ಕ್ರಮವಾಗಿ 1409ರಲ್ಲಿಯೂ 1416ರಲ್ಲಿಯೂ ಸ್ಥಾಪಿತವಾದ ವಿಹಾರಗಳ ಉತ್ತರಾಧಿಕಾರಿಗಳು. ಇಲ್ಲಿಯ ಪಾಠಕ್ರಮವೋ ನಾಲಂದಾ ವಿಕ್ರಮಶಿಲೆಗಳದು: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ವಸುಬಂಧುವಿನ ಅಭಿಧರ್ಮಕೋಶ, ಚಂದ್ರಕೀರ್ತಿಯ ಮಧ್ಯಮಕಾವತಾರ, ಅಭಿಸಮಯಾಲಂಕಾರ, ಗುಣಪ್ರಭನ ವಿನಯಸೂತ್ರ. ಪ್ರತಿವಾದಿಯು ನಿಂತು ಕೈತಟ್ಟಿ ಪ್ರಶ್ನಿಸುವುದೂ ವಾದಿಯು ಕುಳಿತು ತನ್ನ ಪಕ್ಷವನ್ನು ಸಮರ್ಥಿಸುವುದೂ ಅಲ್ಲಿಯ ಅಂಗಳದಲ್ಲಿ ನಿತ್ಯದ ನೋಟ.

ಹೀಗಿರಲು 1998ರಲ್ಲಿ ದ್ರೆಪುಂಗಿನ ಲೋಸೆಲಿಂಗ್ ವಿದ್ಯಾಲಯಕ್ಕೂ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾಲಯಕ್ಕೂ ವಿದ್ಯಾಸಂಬಂಧವು ಏರ್ಪಟ್ಟಿತು. ಲೋಸೆಲಿಂಗಿನಲ್ಲಿ ಗೆಶೆ ಪದವಿಯನ್ನೂ ಎಮೊರಿಯಲ್ಲಿ ಡಾಕ್ಟರೇಟನ್ನೂ ಪಡೆದ ಲೋಬ್ಸಾಂಗ್ ತೆಂಜಿನ್ ನೇಗಿಯವರು ಈ ಎರಡು ದಡಗಳಿಗೂ ಸೇತುವಾದರು. ದಲೈ ಲಾಮಾ ಅವರ ಪ್ರೇರಣೆಯಿಂದ ವಿಹಾರಗಳಲ್ಲಿ ಆಧುನಿಕ ವಿಜ್ಞಾನವನ್ನು ಬೋಧಿಸುವ ಯೋಜನೆಯು 2006ರಲ್ಲಿ ರೂಪುಗೊಂಡು, ಮೊದಲು ಧರ್ಮಶಾಲೆಯಲ್ಲಿ ಪರೀಕ್ಷಿಸಲ್ಪಟ್ಟು, 2014ರಲ್ಲಿ ಮುಂಡಗೋಡ ಮತ್ತು ಬೈಲಕುಪ್ಪೆಯ ಮಹಾವಿಹಾರಗಳಿಗೆ ಬಂದಿತು. ಭೌತಶಾಸ್ತ್ರ, ಜೀವಶಾಸ್ತ್ರ, ನರಶಾಸ್ತ್ರ, ವಿಜ್ಞಾನದ ತತ್ತ್ವವಿಚಾರ ಇವು ಆರು ಬೇಸಗೆಗಳ ಪಾಠವಾದವು. 2013ರ ಜನವರಿಯಲ್ಲಿ ವಿಜ್ಞಾನಿಗಳೂ ಭಿಕ್ಷುಗಳೂ ದ್ರೆಪುಂಗಿನಲ್ಲಿಯೇ ಆರು ದಿನ ಕೂಡಿ ಮನಸ್ಸು, ಮಿದುಳು, ದ್ರವ್ಯ ಇವುಗಳ ವಿಚಾರ ನಡೆಸಿದ್ದರು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಆರು ಶತಮಾನಗಳಿಂದ ಕದಲದೆ ನಿಂತ ಪಾಠಕ್ರಮದಲ್ಲಿ ಪರಶಾಸ್ತ್ರವನ್ನು ಸೇರಿಸಿದರೆ ಸಂಪ್ರದಾಯವು ಕೆಡುವುದಿಲ್ಲವೆ? ಸಿರಿವಂತ ವಿದ್ಯಾಪೀಠವು ಕೊಡುವುದೂ ದೇಶಭ್ರಷ್ಟ ವಿಹಾರವು ಕೈಯೊಡ್ಡುವುದೂ ಆದಲ್ಲಿ ಅದನ್ನು ಸಖ್ಯವೆನ್ನಬಹುದೆ?

ಇದಕ್ಕೆ ಸಮಾಧಾನವು ಆ ಸಂಪ್ರದಾಯದ ಚರಿತ್ರೆಯಲ್ಲಿಯೇ ಇದೆ. ಪ್ರತ್ಯಕ್ಷ, ಅನುಮಾನಗಳೆರಡನ್ನೇ ಪ್ರಮಾಣವೆಂದೊಪ್ಪಿದ ಧರ್ಮಕೀರ್ತಿಯ ಶಿಷ್ಯಪರಂಪರೆಗೆ ಪ್ರಯೋಗಶಾಲೆಯು ತೀರ ಹೊರಗಿನದಾಗಲಾರದು. ಅದಕ್ಕಿಂತ ಮುಖ್ಯವಾದುದು ಭಾಷೆಯ ವಿಷಯ. ಎಂಟನೆಯ ಶತಮಾನದಲ್ಲಿ ಶಾಂತರಕ್ಷಿತಾದಿ ಆಚಾರ್ಯರು ಟಿಬೆಟ್ಟಿಗೆ ಹೋದಾಗ ಭಾರತದ ಪಂಡಿತನೊಬ್ಬನೂ ಟಿಬೆಟ್ಟಿನ ಲೋಚಾವನೊಬ್ಬನೂ ಜೊತೆಯಾಗಿ ಕುಳಿತು ಗ್ರಂಥಗಳನ್ನು ಭಾಷಾಂತರಿಸುವ ಪದ್ಧತಿಯು ಬೆಳೆಯಿತು. ಒಂಬತ್ತನೆಯ ಶತಮಾನದ ಆದಿಯಲ್ಲಿ ರಾಜಾಜ್ಞೆಯಿಂದ ಮಹಾವ್ಯುತ್ಪತ್ತಿಯೆಂಬ ಸಂಸ್ಕೃತ-ಟಿಬೆಟ್ ಶಬ್ದಕೋಶವು ಸಿದ್ಧವಾಗಿ ಪಾರಿಭಾಷಿಕ ಶಬ್ದಗಳು ನಿಯತವಾದವು. ಎಮೊರಿಯ ಯೋಜನೆಯೂ ಈ ದಾರಿಯನ್ನೇ ಹಿಡಿಯಿತು. ಇಂಗ್ಲಿಷು, ಟಿಬೆಟ್ ಭಾಷೆಗಳೆರಡರಲ್ಲಿಯೂ ಪಾಠಪುಸ್ತಕಗಳು ಹೊರಬಂದವು. ವಿಜ್ಞಾನದ ಮಾತುಗಳಿಗೆ ಟಿಬೆಟ್ ಭಾಷೆಯಲ್ಲಿ ಹೊಸ ಶಬ್ದಗಳು ಹುಟ್ಟಿದವು. 2010ರಿಂದ ಭಿಕ್ಷುಗಳ ತಂಡಗಳು ಎಮೊರಿಗೆ ಹೋಗಿ ವಿಜ್ಞಾನವನ್ನಭ್ಯಸಿಸಿ, ಮರಳಿ ತಮ್ಮವರಿಗೆ ಬೋಧಿಸಲು ಸಜ್ಜಾದವು. ಅತಿಥಿಯಾದ ಅಧ್ಯಾಪಕನು ಹಿಂದಿರುಗಿದ ಮೇಲೂ ಪಾಠವು ನಿಲ್ಲದೆ ನಡೆಯಬೇಕು. ಸುಸ್ಥಿರವಾದ ಅಭಿವೃದ್ಧಿಯೆಂಬುದಕ್ಕೆ ವಿದ್ಯಾವಿಷಯದಲ್ಲಿ ಇದೇ ಲಕ್ಷಣ. ಹಣದಿಂದ ಕಟ್ಟಡವೇಳುವುದು, ತನ್ನ ನುಡಿಯಲ್ಲಿ ಕಲಿಸಬಲ್ಲ ಗುರುವಿಲ್ಲದಿದ್ದರೆ ವಿದ್ಯೆಯು ನಿಲ್ಲದು. ಎದುರುಭಾಗದಲ್ಲಿ ಎಮೊರಿಯೂ ಬರಿಯ ದಾತೃವಾಗಿ ಉಳಿಯಲಿಲ್ಲ; ಕರುಣೆ, ಧ್ಯಾನ ಇವುಗಳನ್ನು ಕುರಿತ ಅಲ್ಲಿಯ ಸಂಶೋಧನೆಗೆ ವಿಹಾರದ ಶಾಸ್ತ್ರವು ಮೂಲಧನವಾಯಿತು.

ಇದಂತಿರಲಿ. ಈ ಸಖ್ಯದಲ್ಲಿ ಕನ್ನಡ ನಾಡಿನ ಪಾಲೆಷ್ಟು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ಧರ್ಮಕೀರ್ತಿಯನ್ನು ಆಮೂಲಾಗ್ರವಾಗಿ ವಿಮರ್ಶಿಸಿದ ಜೈನ ತಾರ್ಕಿಕ ಅಕಲಂಕನ ಕೀರ್ತಿಯನ್ನು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯು ಸಾರುತ್ತದೆ. ಅಕಲಂಕನ ನ್ಯಾಯವಿನಿಶ್ಚಯಕ್ಕೆ ವಿವರಣ ಬರೆದ ವಾದಿರಾಜನು ಚಾಲುಕ್ಯ ಜಯಸಿಂಹನ ಕಾಲದವನು. ಹೀಗೆ ಒಂದೇ ವಾದದ ಒಂದು ಪಕ್ಷವು ಕರ್ಣಾಟಕದ ಗ್ರಂಥಭಂಡಾರಗಳಲ್ಲಿ ಉಳಿಯಿತು; ಇನ್ನೊಂದು ಪಕ್ಷವು ಹಿಮಾಲಯವನ್ನು ದಾಟಿ ಉಳಿಯಿತು. ಪ್ರಮಾಣವಾರ್ತಿಕದ ಸಂಸ್ಕೃತಮೂಲವು ಈ ದೇಶದಲ್ಲಿ ದುರ್ಲಭವಾಗಿ, 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ವಿಹಾರಗಳಲ್ಲಿಯೇ ಅದನ್ನು ಹುಡುಕಬೇಕಾಯಿತು. ಈಗ ಪೂರ್ವಪಕ್ಷವನ್ನು ಬಾಯಲ್ಲಿ ನಡೆಸಬಲ್ಲವರು ಮುಂಡಗೋಡಿನಲ್ಲಿದ್ದಾರೆ. ಉತ್ತರಪಕ್ಷದ ಗ್ರಂಥಗಳು ಕನ್ನಡಿಗರ ಕೈಯಲ್ಲಿವೆ.

2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಸುಸ್ಥಿರಾಭಿವೃದ್ಧಿಯ 17 ಗುರಿಗಳಲ್ಲಿ ಕಡೆಯದು ಸಹಭಾಗಿತ್ವ. ಅಟ್ಲಾಂಟಾದಿಂದ ಮುಂಡಗೋಡಿಗೆ ಸಮುದ್ರಗಳನ್ನು ದಾಟಿ ಬರಬೇಕು; ಧಾರವಾಡದಿಂದಾದರೋ ಕೆಲವು ತಾಸುಗಳ ಹಾದಿ. ದೂರದವರು ಲೋಚಾವನನ್ನು ಜೊತೆಗೂಡಿಸಿಕೊಂಡು ಬಂದು ಕಲಿಸಿದರು, ಕಲಿತರು. ಅಕಲಂಕನನ್ನು ಓದುವ ಕನ್ನಡ ಪಂಡಿತನೂ ಧರ್ಮಕೀರ್ತಿಯನ್ನು ಓದುವ ಭಿಕ್ಷುವೂ ಒಂದೇ ಮಣೆಯ ಮುಂದೆ ಕುಳಿತಲ್ಲಿ, ಸಾವಿರ ವರ್ಷಗಳ ಹಿಂದೆ ಅರ್ಧಕ್ಕೆ ನಿಂತ ವಾದವು ಮುಂದುವರಿಯುವುದು. ಅದಕ್ಕೆ ಬೇಕಾದುದು ಮೊದಲು ಒಂದು ಕನ್ನಡ-ಟಿಬೆಟ್ ಶಬ್ದಕೋಶ.